ಅಂಗೈ ಅಗಲದ ರಿವಾಲ್ವರ್: ನೋಡಲಿಕ್ಕೆ ಚಂದ, ಇಟ್ಟುಕೊಳ್ಳಲಿಕ್ಕೆ ಲೈಸೆನ್ಸ್ ಬೇಕು

ಕಬನೂರ: ಖಂಡೇ ನವಮಿ ಬಂತೆಂದರೆ ಕಬನೂರ, ಇಚಲಕರಂಜಿ ಭಾಗದ ಮಗ್ಗಗಳಿಗೆ ಒಂದಿಷ್ಟು ವಿಶ್ರಾಂತಿ. ಮಗ್ಗಕ್ಕೆ ಚೆಂಡು ಹೂವಿನ ಮಾಲೆ, ಧೋಟಾಕ್ಕೆ ಕುಂಕುಮ, ಜಾಬರನ ಪಾನಾ-ಇಕ್ಕಳಗಳಿಗೂ ಪೂಜೆ. ಗಡಿ ದಾಟಿ ನಿಪ್ಪಾಣಿ, ಚಿಕ್ಕೋಡಿ, ಹುಕ್ಕೇರಿ ಕಡೆ ಹೋದರೆ ಹಳೆಯ ಮನೆತನಗಳಲ್ಲಿ ಕತ್ತಿ, ಭರ್ಚಿ ಹೊರಗೆ ಬರುತ್ತವೆ. ಲೈಸೆನ್ಸ್ ಇದ್ದವರ ಮನೆಯಲ್ಲಿ ಬಂದೂಕಿಗೂ ಅರಿಶಿನ-ಕುಂಕುಮ. ಆ ಸಾಲಿನಲ್ಲಿ ಅಪರೂಪಕ್ಕೆ ಕಾಣುವುದು ಅಂಗೈಯಲ್ಲಿ ಅಡಗುವಂಥ ಸಣ್ಣ ರಿವಾಲ್ವರ್.

ದೊಡ್ಡ ಬಂದೂಕಿಗಿಂತ ಈ ಚಿಕ್ಕದರ ಮೇಲೆ ಮಂದಿಗೆ ಮೋಹ ಜಾಸ್ತಿ. ಗಡಿಯಾರದಷ್ಟು ನಾಜೂಕಾದ ಕೆಲಸ, ತಿರುಗುವ ಗಾಲಿ, ಸವೆದ ಕಟ್ಟಿಗೆಯ ಹಿಡಿ. ‘ಅಜ್ಜನ ಕಾಲದ್ದು, ಇರಲಿ ಬಿಡ್ರಿ’ ಎಂದು ಟ್ರಂಕಿನಲ್ಲೇ ಇಟ್ಟುಬಿಡುವವರೂ ಉಂಟು. ಆದರೆ ಇದರ ಚಂದ ಎಷ್ಟು ನಿಜವೋ, ಇದರ ಹಿಂದಿನ ಕಾಯ್ದೆಯೂ ಅಷ್ಟೇ ನಿಜ. ಅರ್ಧ ಬಳಗ ಕರ್ನಾಟಕದಲ್ಲಿ, ಅರ್ಧ ಬಳಗ ಮಹಾರಾಷ್ಟ್ರದಲ್ಲಿ ಇರುವ ಗಡಿಭಾಗದ ಕನ್ನಡ ಕುಟುಂಬಗಳು ಎರಡನ್ನೂ ತಿಳಿದುಕೊಳ್ಳುವುದು ಒಳ್ಳೆಯದು.

ಟಿಕಳಿಯಿಂದ ಶುರು

ಈ ಮೋಹದ ಮೊದಲ ಪಾಠ ಆಗುವುದು ದೀಪಾವಳಿಯಲ್ಲಿ. ಕೆಂಪು ಕಾಗದದ ಸುರುಳಿ ಟಿಕಳಿ ಹಾಕಿ ‘ಫಟ್, ಫಟ್’ ಎಂದು ಓಣಿ ತುಂಬ ಓಡಾಡದ ಹುಡುಗರಿಲ್ಲ. ಈಚಿನ ವರ್ಷಗಳಲ್ಲಿ ಸುರುಳಿಯ ಜೊತೆಗೆ ಪ್ಲಾಸ್ಟಿಕ್ಕಿನ ಉಂಗುರ ಬಂದಿದೆ. ಉಂಗುರದಲ್ಲಿ ಎಂಟು ಸಣ್ಣ ಬಟ್ಟಲು, ಒಂದೊಂದರಲ್ಲಿ ಚಿಟಿಕೆ ಮದ್ದು. ಟ್ರಿಗರ್ ಎಳೆದಾಗಲೊಮ್ಮೆ ಉಂಗುರ ಒಂದು ಮನೆ ಮುಂದಕ್ಕೆ ಸರಿಯುತ್ತದೆ. ಮಕ್ಕಳಿಗೆ ಗೊತ್ತಿಲ್ಲದೆಯೇ ಅವರ ಕೈಯಲ್ಲಿರುವುದು ನಿಜವಾದ ರಿವಾಲ್ವರಿನ ಮಾದರಿ.

ಟಿಕಳಿಯ ಹಿಂದೆಯೂ ಇತಿಹಾಸವಿದೆ. ಚಕಮಕಿ ಕಲ್ಲಿನ ಬಂದೂಕಿನಲ್ಲಿ ಮೊದಲು ಕಿಡಿ ಹಾರಿ, ಹೊಗೆ ಎದ್ದು, ಆಮೇಲೆ ಗುಂಡು ಹೊರಡುತ್ತಿತ್ತು. ಅಷ್ಟರಲ್ಲಿ ಹಕ್ಕಿ ಹಾರಿಹೋಗುತ್ತದೆ ಎಂದು ಬೇಸತ್ತವರು ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್. ಪೆಟ್ಟು ಬಿದ್ದೊಡನೆ ಸಿಡಿಯುವ ಮದ್ದನ್ನು ಬಂದೂಕಿಗೆ ಬಳಸುವ ಉಪಾಯಕ್ಕೆ ಅವರು 1807ರಲ್ಲಿ ಪೇಟೆಂಟ್ ಪಡೆದರು. ಮುಂದೆ ಆ ಮದ್ದು ತಾಮ್ರದ ಪುಟ್ಟ ಟೋಪಿಯೊಳಗೆ ಸೇರಿತು. ಅದಕ್ಕೆ ಕ್ಯಾಪ್ ಎಂದು ಹೆಸರು. ಟಿಕಳಿಗೆ ಈಗಲೂ ‘ಕೇಪು’ ಎಂದು ಕರೆಯುವವರಿದ್ದಾರೆ, ಆ ಹೆಸರು ಬಂದದ್ದು ಇಲ್ಲಿಂದಲೇ.

ಕಲಕತ್ತೆಗೆ ಹೊರಟ ಹಡಗಿನಲ್ಲಿ

ಒಂದೇ ನಳಿಕೆ, ಅದರ ಹಿಂದೆ ತಿರುಗುವ ಗಾಲಿ, ಗಾಲಿಯಲ್ಲಿ ಐದಾರು ಗುಂಡು. ಇದೇ ರಿವಾಲ್ವರ್. ತಿರುಗುವ ಬಂದೂಕು ಹೊಸದೇನೂ ಅಲ್ಲ, ಬತ್ತಿ ಹಚ್ಚಿ ಹಾರಿಸುವ ಕಾಲದಲ್ಲೇ ಭಾರತದಲ್ಲೂ ಅಂಥವು ತಯಾರಾಗಿದ್ದವು. ಆದರೆ ಗಾಲಿಯನ್ನು ಕೈಯಿಂದ ತಿರುಗಿಸಬೇಕಾಗುತ್ತಿತ್ತು.

ತಾನೇ ತಿರುಗುವ ಗಾಲಿಯನ್ನು ಜಗತ್ತಿಗೆ ಕೊಟ್ಟವನು ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟ್. ಈ ಕಥೆಗೆ ನಮ್ಮ ದೇಶದ ನಂಟಿರುವುದು ವಿಶೇಷ. 1830ರಲ್ಲಿ ಹದಿನಾರರ ಹರೆಯದ ಕೋಲ್ಟ್ ‘ಕೋರ್ವೋ’ ಎಂಬ ಹಡಗಿನಲ್ಲಿ ಕಲಕತ್ತೆಗೆ ಹೊರಟಿದ್ದ. ಹಡಗಿನಲ್ಲಿ ಹಗ್ಗ ಸುತ್ತುವ, ಲಂಗರು ಎತ್ತುವ ಚಕ್ರಗಳು ಒಂದೊಂದೇ ಹಲ್ಲು ಮುಂದೆ ಸರಿದು, ಹಿಂದೆ ಜಾರದಂತೆ ನಿಲ್ಲುವುದು ಅವನ ಕಣ್ಣಿಗೆ ಬಿತ್ತೆನ್ನುತ್ತಾರೆ. ಬಿಡುವಿನಲ್ಲಿ ಕಟ್ಟಿಗೆ ಕೆತ್ತಿ ರಿವಾಲ್ವರಿನ ಮಾದರಿ ಮಾಡಿದ. 1835ರಲ್ಲಿ ಇಂಗ್ಲೆಂಡಿನಲ್ಲಿ, 1836ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತು.

ಅವನ ಕಂಪನಿಯ 1849ರ ‘ಪಾಕೆಟ್’ ಮಾದರಿ ಮೂರು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಬೋರ್ ಕೇವಲ ಪಾಯಿಂಟ್ 31. ಯುದ್ಧಕ್ಕಲ್ಲ, ಪ್ರಯಾಣಿಕರು, ವ್ಯಾಪಾರಿಗಳು, ಚಿನ್ನ ಹುಡುಕಲು ಹೊರಟವರು ಕೋಟಿನ ಕಿಸೆಯಲ್ಲಿ ಇಟ್ಟುಕೊಳ್ಳಲು ಮಾಡಿದ್ದು. ಕಿಸೆ ರಿವಾಲ್ವರಿನ ದೊಡ್ಡ ಕಾಲ ಶುರುವಾದದ್ದು ಇಲ್ಲಿಂದ.

ಜಾಬರನಿಗೆ ಹೇಳಬೇಕಾಗಿಲ್ಲ

ಇದರ ಒಳಗಿನ ಕೆಲಸವನ್ನು ಇಚಲಕರಂಜಿಯ ಜಾಬರನಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 1904ರಲ್ಲಿ ಇಚಲಕರಂಜಿಗೆ ಮೊದಲ ವಿದ್ಯುತ್ ಮಗ್ಗ ಬಂದಾಗಿನಿಂದ ಈ ಭಾಗದ ಮಂದಿ ದಿನಾ ನೋಡುತ್ತ ಬಂದ ಕೆಲಸವೇ ಅದು. ಮಗ್ಗದಲ್ಲಿ ಫಣಿ ಒಂದು ಪೆಟ್ಟು ಹೊಡೆದಾಗಲೊಮ್ಮೆ ಒಂದು ಸಣ್ಣ ಕೊಕ್ಕೆ ಹಲ್ಲಿನ ಚಕ್ರವನ್ನು ಒಂದು ಹಲ್ಲು ಮುಂದಕ್ಕೆ ನೂಕುತ್ತದೆ, ನೇಯ್ದ ಬಟ್ಟೆ ಅಷ್ಟೇ ಸುತ್ತಿಕೊಳ್ಳುತ್ತದೆ. ಇನ್ನೊಂದು ಕೊಕ್ಕೆ ಚಕ್ರ ಹಿಂದಕ್ಕೆ ಜಾರದಂತೆ ಹಿಡಿಯುತ್ತದೆ.

ರಿವಾಲ್ವರಿನಲ್ಲೂ ಇದೇ ಲೆಕ್ಕ. ಹ್ಯಾಮರ್ ಹಿಂದಕ್ಕೆ ಎಳೆದಾಗ ಒಳಗಿನ ಕೊಕ್ಕೆ ಮೇಲೆದ್ದು, ಗಾಲಿಯ ಬೆನ್ನಿನ ಹಲ್ಲನ್ನು ಒಂದು ಮನೆ ತಿರುಗಿಸುತ್ತದೆ. ಗುಂಡು ನಳಿಕೆಯ ಎದುರು ಬಂದೊಡನೆ ಕೆಳಗಿನಿಂದ ಒಂದು ಚಿಲಕ ಗಾಲಿಯ ಕಚ್ಚಿನಲ್ಲಿ ಕೂಡುತ್ತದೆ. ಪ್ರತಿ ಸಲ ಹ್ಯಾಮರ್ ಬೆರಳಿನಿಂದ ಎಳೆಯಬೇಕಾದರೆ ಅದು ಸಿಂಗಲ್ ಆ್ಯಕ್ಷನ್. ಟ್ರಿಗರ್ ಒತ್ತಿದರೆ ಎಲ್ಲ ಕೆಲಸವೂ ತಾನೇ ಆಗುವುದಾದರೆ ಡಬಲ್ ಆ್ಯಕ್ಷನ್.

ಹಲ್ಲು ಸವೆದ ಮಗ್ಗದಲ್ಲಿ ಬಟ್ಟೆಗೆ ಪಟ್ಟಿ ಬೀಳುತ್ತದೆ. ನಷ್ಟ ಒಂದಿಷ್ಟು ಮೀಟರ್ ಬಟ್ಟೆ ಮಾತ್ರ. ಹಲ್ಲು ಸವೆದ ರಿವಾಲ್ವರಿನಲ್ಲಿ ಗುಂಡು ನಳಿಕೆಗೆ ನೇರವಾಗಿ ನಿಲ್ಲುವುದಿಲ್ಲ. ಹಾರಿಸಿದರೆ ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತದೆ, ಹೆಚ್ಚಾದರೆ ಗಾಲಿಯೇ ಒಡೆಯಬಹುದು. ಅಲ್ಲದೆ ಹಳೆಯ ಕಬ್ಬಿಣ ಕರಿಮದ್ದಿನ ಒತ್ತಡಕ್ಕೆ ಮಾಡಿದ್ದು, ಇಂದಿನ ಹೊಗೆರಹಿತ ಮದ್ದಿನ ಒತ್ತಡ ಅದಕ್ಕೆ ತಡೆಯದು. ಆದ್ದರಿಂದಲೇ ‘ಒಮ್ಮೆ ಹಾರಿಸಿ ನೋಡೂಣು’ ಎಂಬ ಮಾತು ಹಳೆಯ ರಿವಾಲ್ವರಿನ ವಿಷಯದಲ್ಲಿ ಎಲ್ಲಕ್ಕಿಂತ ಅಪಾಯದ ಮಾತು.

ಕಿಸೆಯಿಂದ ಇತಿಹಾಸಕ್ಕೆ

ಮದ್ದು, ಗುಂಡು, ಕ್ಯಾಪ್ ಮೂರನ್ನೂ ಒಂದೇ ಲೋಹದ ಕಾಡತೂಸಿನಲ್ಲಿ ಸೇರಿಸಿದ ಮೇಲೆ ರಿವಾಲ್ವರ್ ಇನ್ನೂ ಚಿಕ್ಕದಾಯಿತು. 1857ರಲ್ಲಿ ಸ್ಮಿತ್ ಆ್ಯಂಡ್ ವೆಸನ್ ಕಂಪನಿ ತಂದ ಮೊದಲ ಮಾದರಿ ಪಾಯಿಂಟ್ 22 ಬೋರಿನ, ಏಳು ಗುಂಡಿನ ಪುಟ್ಟ ರಿವಾಲ್ವರ್. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ವೆಬ್ಲಿ ಕಂಪನಿ 1872ರಲ್ಲಿ ‘ಬ್ರಿಟಿಷ್ ಬುಲ್‌ಡಾಗ್’ ತಂದಿತು. ಮೋಟು ನಳಿಕೆ, ದಪ್ಪ ಗುಂಡು. ಇದರ ನಕಲುಗಳು ಬೆಲ್ಜಿಯಂ ಮೊದಲಾದ ಕಡೆಯೂ ತಯಾರಾದವು. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್ ಅವರ ಮೇಲೆ ಹಾರಿದ್ದು ಇಂಥದೇ ರಿವಾಲ್ವರಿನ ಗುಂಡು.

ನಮ್ಮ ಭಾಗದ ಚರಿತ್ರೆಯಲ್ಲೂ ಕಿಸೆಯ ಆಯುಧಗಳ ನೆನಪುಗಳಿವೆ. 1909ರ ಡಿಸೆಂಬರ್ 21ರಂದು ನಾಸಿಕದ ನಾಟಕಗೃಹದಲ್ಲಿ ಕಲೆಕ್ಟರ್ ಜ್ಯಾಕ್ಸನ್ ಮೇಲೆ ಅನಂತ ಕಾನ್ಹೇರೆ ಹಾರಿಸಿದ್ದು ಬ್ರೌನಿಂಗ್ ಪಿಸ್ತೂಲು. 1931ರ ಜುಲೈ 22ರಂದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಮುಂಬಯಿಯ ಹಂಗಾಮಿ ಗವರ್ನರ್ ಹಾಟ್‌ಸನ್ ಮೇಲೆ ವಾಸುದೇವ ಬಳವಂತ ಗೋಗಟೆ ಗುಂಡು ಹಾರಿಸಿದರು, ಹಾಟ್‌ಸನ್ ಬದುಕಿಕೊಂಡರು. ಇವೆಲ್ಲ ಬಟ್ಟೆಯ ಮರೆಯಲ್ಲಿ ಅಡಗುವಂಥ ಆಯುಧಗಳು. ಸಣ್ಣದೆಂಬ ಕಾರಣಕ್ಕೇ ಸರ್ಕಾರಗಳು ಇವುಗಳಿಗೆ ಹೆಚ್ಚು ಹೆದರುತ್ತ ಬಂದವು.

ಆಯುಧ ಕಸಿದ ಕಾಲ

ಆಯುಧಕ್ಕೆ ಲೈಸೆನ್ಸ್ ಎಂಬ ಮಾತು ಈ ಭಾಗಕ್ಕೆ ಬಂದದ್ದು ರಕ್ತದ ನೆನಪಿನೊಂದಿಗೆ. 1857ರ ಜುಲೈ 31ರಂದು ಕೊಲ್ಹಾಪುರದಲ್ಲಿ 27ನೇ ದೇಶೀ ಪದಾತಿ ದಳ ಬಂಡೆದ್ದಿತು. ಅದೇ ವರ್ಷ ಬ್ರಿಟಿಷರು ಜನರಿಂದ ಆಯುಧ ಕಸಿಯುವ ಕಾಯ್ದೆ ತಂದರು. ಆಗಿನ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ‘ಕೊಡುವುದಿಲ್ಲ’ ಎಂದರು. ಬೇಟೆಯೇ ಬದುಕಾದವರಿಗೆ ಆಯುಧ ಬಿಡುವುದೆಂದರೆ ಅನ್ನ ಬಿಟ್ಟಂತೆ. ನವೆಂಬರಿನಲ್ಲಿ ಊರಿಗೆ ಸೈನ್ಯ ನುಗ್ಗಿ, ಮನೆಗಳಿಗೆ ಬೆಂಕಿ ಬಿದ್ದು, ಹಿಡಿದವರಿಗೆ ನೇಣಾಯಿತು. ಹಲಗಲಿಯ ಲಾವಣಿಯನ್ನು ಇಂಗ್ಲಿಷ್ ಅಧಿಕಾರಿ ಫ್ಲೀಟ್ ಅವರೇ ಸಂಗ್ರಹಿಸಿ ಅಚ್ಚು ಹಾಕಿಸಿದ್ದು ಗಮನಾರ್ಹ.

1878ರಲ್ಲಿ ಇಡೀ ದೇಶಕ್ಕೆ ಶಸ್ತ್ರಾಸ್ತ್ರ ಕಾಯ್ದೆ ಬಂತು. ಸ್ವಾತಂತ್ರ್ಯದ ನಂತರ ಅದರ ಜಾಗಕ್ಕೆ 1959ರ ಕಾಯ್ದೆ. ಕೊಡಗಿನವರಿಗೆ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಈಗಲೂ ಮುಂದುವರಿದಿದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಆ ವಿನಾಯಿತಿ ಬೆಳಗಾವಿಗಾಗಲಿ ಕೊಲ್ಹಾಪುರಕ್ಕಾಗಲಿ ಇಲ್ಲ.

ಕಾನಪುರದ ಮೊಮ್ಮಕ್ಕಳು

1980ರ ದಶಕದ ನಡುವಿನಿಂದ ಸಾಮಾನ್ಯ ನಾಗರಿಕರು ವಿದೇಶದಿಂದ ಬಂದೂಕು, ರಿವಾಲ್ವರ್ ತರಿಸಿಕೊಳ್ಳುವುದು ನಿಂತಿತು. ಅದಕ್ಕೇ ಆಗಲೇ ದೇಶದೊಳಗಿದ್ದ ಹಳೆಯ ವೆಬ್ಲಿಗಳಿಗೆ ಲೈಸೆನ್ಸ್‌ದಾರರಲ್ಲಿ ಬೇಡಿಕೆ ಹೆಚ್ಚಿತು. ಪಾಯಿಂಟ್ 38, 9 ಎಂಎಂನಂಥ ಪೊಲೀಸ್, ಸೈನ್ಯದ ಬೋರುಗಳು ಜನಸಾಮಾನ್ಯರಿಗೆ ನಿಷಿದ್ಧ. ಆದ್ದರಿಂದ ಇಲ್ಲಿ ನಡೆಯುವುದು ಪಾಯಿಂಟ್ 32 ಮತ್ತು ಪಾಯಿಂಟ್ 22. ಸರ್ಕಾರಿ ಕಾರ್ಖಾನೆಯ ಪಾಯಿಂಟ್ 32 ರಿವಾಲ್ವರ್ ಹಳೆಯ ವೆಬ್ಲಿಯಂತೆಯೇ ನಡು ಮುರಿದು ತೆರೆದುಕೊಳ್ಳುವ ಮಾದರಿ. ಅಂದರೆ ಅಂಗಡಿಯಲ್ಲಿ ಹೊಸದಾಗಿ ಕೊಂಡರೂ ಕೈಗೆ ಬರುವುದು ಮುತ್ತಜ್ಜನ ಮುಖವೇ.

2014ರಲ್ಲಿ ಕಾನಪುರದ ಕಾರ್ಖಾನೆ ‘ನಿರ್ಭೀಕ’ ತಂದಿತು. ದಿಲ್ಲಿಯ ನಿರ್ಭಯಾ ಪ್ರಕರಣದ ನಂತರ ಮಹಿಳೆಯರಿಗೆಂದು ಮಾಡಿದ್ದು. ತೂಕ ಸುಮಾರು 500 ಗ್ರಾಂ, ಬೆಲೆ ಮಾತ್ರ ಆಗಲೇ 1 ಲಕ್ಷ 22 ಸಾವಿರ ರೂಪಾಯಿಯ ಆಸುಪಾಸು. ‘ಬಸ್ಸಿಗೆ ನಿಲ್ಲುವ ಹೆಣ್ಣುಮಗಳು ಇದನ್ನು ಕೊಳ್ಳುವುದು ಹೇಗೆ’ ಎಂಬ ಪ್ರಶ್ನೆ ಆಗ ಎದ್ದಿತ್ತು. 2016ರಲ್ಲಿ ಪಶ್ಚಿಮ ಬಂಗಾಲದ ಇಚ್ಛಾಪುರ ಕಾರ್ಖಾನೆಯಿಂದ ಪಾಯಿಂಟ್ 22 ಬೋರಿನ ‘ನಿಡರ್’ ಬಂತು. ತೂಕ 250 ಗ್ರಾಂ, ಬೆಲೆ 35 ಸಾವಿರದ ಸುಮಾರು. 2023ರ ಆಗಸ್ಟಿನಲ್ಲಿ ಕಾನಪುರದಿಂದಲೇ ‘ಪ್ರಬಲ’ ಬಂತು. ನಡು ಮುರಿಯುವ ಬದಲು ಗಾಲಿ ಪಕ್ಕಕ್ಕೆ ಹೊರಳುವ, ದೇಶದಲ್ಲೇ ತಯಾರಾದ ಮೊದಲ ರಿವಾಲ್ವರ್ ಇದು ಎಂದು ಕಂಪನಿ ಹೇಳಿಕೊಂಡಿತು. ನಳಿಕೆಯ ಉದ್ದ 76 ಮಿಲಿಮೀಟರ್.

ಅಮೆರಿಕದಲ್ಲಿ ಇದರ ಮೋಜು ಬೇರೆಯೇ ಹಂತಕ್ಕೆ ಹೋಗಿದೆ. ಯೂಟಾ ರಾಜ್ಯದ ನಾರ್ತ್ ಅಮೆರಿಕನ್ ಆರ್ಮ್ಸ್ ಕಂಪನಿ ಪಾಯಿಂಟ್ 22 ಬೋರಿನ ಐದು ಗುಂಡಿನ ಮಿನಿ ರಿವಾಲ್ವರ್ ಮಾಡುತ್ತದೆ, ಬೀಗದ ಕೈ ಗೊಂಚಲಿನ ಜೊತೆ ಕಿಸೆಯಲ್ಲಿ ಇಡುವಷ್ಟು ಚಿಕ್ಕದು. ಅದರ ‘ಅರ್ಲ್’ ಎಂಬ ಮಾದರಿಗೆ 1860ರ ದಶಕದ ಹಳೆಯ ರಿವಾಲ್ವರಿನ ರೂಪವನ್ನೇ ಕೊಟ್ಟಿದ್ದಾರೆ. ಉಕ್ಕು ಹೊಸದು, ಮುಖ ಹಳೆಯದು. ಅಲ್ಲಿಯ ಹವ್ಯಾಸಿಗಳು ಇಂಥವನ್ನು ಗಡಿಯಾರ, ಅಂಚೆ ಚೀಟಿ ಕೂಡಿಸಿದಂತೆ ಕೂಡಿಸುತ್ತಾರೆ. ಇಲ್ಲಿ ಆ ಹವ್ಯಾಸಕ್ಕೆ ಕಾಯ್ದೆಯ ಬೇಲಿ ಇದೆ. 2019ರ ತಿದ್ದುಪಡಿಯ ನಂತರ ಒಬ್ಬರ ಹೆಸರಿನಲ್ಲಿ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ, ಮೊದಲು ಮೂರಕ್ಕೆ ಅವಕಾಶವಿತ್ತು.

ಅಜ್ಜನ ಟ್ರಂಕಿನ ಪ್ರಶ್ನೆ

ಜನರಲ್ಲಿ ಒಂದು ತಪ್ಪು ತಿಳಿವಳಿಕೆ ಗಟ್ಟಿಯಾಗಿ ಕೂತಿದೆ. ‘ನೂರು ವರ್ಷದ್ದು, ಆ್ಯಂಟಿಕ್ ಐತಿ, ಲೈಸೆನ್ಸ್ ಯಾಕ ಬೇಕು’ ಎಂಬುದು ಆ ಮಾತು. ಕಾಯ್ದೆ ಹಾಗೆ ಹೇಳುವುದಿಲ್ಲ. 1959ರ ಕಾಯ್ದೆಯ 45ನೇ ಕಲಮು ಹಳೆಯ ಮಾದರಿಯ, ಪ್ರಾಚೀನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಕ್ಕೆ ವಿನಾಯಿತಿ ಕೊಡುವುದು ನಿಜ. ಆದರೆ ಅದಕ್ಕೊಂದು ಶರತ್ತಿದೆ. ರಿಪೇರಿ ಮಾಡಿದರೂ, ಮಾಡದಿದ್ದರೂ ಅದು ಬಂದೂಕಾಗಿ ಕೆಲಸ ಮಾಡುವಂತಿರಬಾರದು. ಅಂದರೆ ವಯಸ್ಸು ಮುಖ್ಯವಲ್ಲ, ಅದು ಹಾರುತ್ತದೆಯೋ ಇಲ್ಲವೋ ಎಂಬುದು ಮುಖ್ಯ. ಸ್ಪ್ರಿಂಗ್ ಹಾಕಿದರೆ ನಡೆಯುವಂಥ 1880ರ ಬುಲ್‌ಡಾಗ್ ಕೂಡ ಕಾಯ್ದೆಯ ಕಣ್ಣಿನಲ್ಲಿ ರಿವಾಲ್ವರೇ.

ಲೈಸೆನ್ಸ್ ಇಲ್ಲದೆ ಸಿಕ್ಕಿದರೆ ಶಿಕ್ಷೆ ಸಣ್ಣದಲ್ಲ. 2019ರ ತಿದ್ದುಪಡಿಯ ನಂತರ ಕನಿಷ್ಠ ಎರಡು ವರ್ಷ, ಗರಿಷ್ಠ ಐದು ವರ್ಷ ಸೆರೆವಾಸ, ಜೊತೆಗೆ ದಂಡ. ಮದುವೆ, ಮೆರವಣಿಗೆಯ ಖುಷಿಗೆ ಗುಂಡು ಹಾರಿಸಿ ಮಂದಿಯ ಜೀವಕ್ಕೆ ಅಪಾಯ ತಂದರೆ ಲೈಸೆನ್ಸ್ ಇದ್ದವರಿಗೂ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ ಆಗಬಹುದು.

ಲೈಸೆನ್ಸ್ ಹೊಂದಿದ ಹಿರಿಯರು ತೀರಿಕೊಂಡಾಗ ತೊಡಕು ಶುರುವಾಗುತ್ತದೆ. ದಿನಕರ್ಮ, ಹೊಲದ ವಾರಸಾ, ಬ್ಯಾಂಕಿನ ಕಾಗದ ಎಲ್ಲ ನೆನಪಿರುತ್ತದೆ. ಕಪಾಟಿನಲ್ಲಿರುವ ರಿವಾಲ್ವರ್ ನೆನಪಿರುವುದಿಲ್ಲ. ಲೈಸೆನ್ಸ್ ಇದ್ದದ್ದು ಅವರ ಹೆಸರಿಗೆ, ಮನೆತನದ ಹೆಸರಿಗಲ್ಲ. ಅವರು ಹೋದ ಮೇಲೆ ಆ ಆಯುಧವನ್ನು ತಡಮಾಡದೆ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಲೈಸೆನ್ಸ್ ಇರುವ ಬಂದೂಕು ಅಂಗಡಿಗೆ ಒಪ್ಪಿಸಬೇಕು. ಒಪ್ಪಿಸಿದರೆ ಕಳೆದುಹೋಯಿತೆಂದಲ್ಲ. 2016ರ ನಿಯಮಗಳಂತೆ ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಕೇಳಬಹುದು, ಸಿಕ್ಕರೆ ಹೊಳ್ಳಿ ಪಡೆಯಬಹುದು, ಬೇಡವಾದರೆ ಅರ್ಹರಿಗೆ ಮಾರಬಹುದು. ಹಿರಿಯರು 70 ವರ್ಷ ದಾಟಿದ್ದರೆ ಅಥವಾ 25 ವರ್ಷ ಆಯುಧ ಇಟ್ಟುಕೊಂಡಿದ್ದರೆ, ಅವರು ಬದುಕಿರುವಾಗಲೇ ವಾರಸುದಾರರಿಗೆ ವರ್ಗ ಮಾಡಲು ಅರ್ಜಿ ಹಾಕುವ ಅವಕಾಶವೂ ಇದೆ. ಹಿರಿಯರು ಕಣ್ಣೆದುರು ಇರುವಾಗಲೇ ಈ ಕೆಲಸ ಮುಗಿಸುವುದು ಜಾಣತನ.

ಗಡಿಭಾಗಕ್ಕೆ ಇನ್ನೊಂದು ತೊಡಕಿದೆ. ಕಬನೂರದಿಂದ ಬೋರಗಾಂವ, ಸದಲಗಾ ಕಡೆಗೆ ಹೋಗುವುದು ಇಲ್ಲಿನವರಿಗೆ ಸಂತೆಗೆ ಹೋದಷ್ಟೇ ಸಹಜ. ಮಗಳನ್ನು ಆಚೆ ಕೊಟ್ಟಿರುತ್ತಾರೆ, ಹೊಲ ಈಚೆ ಇರುತ್ತದೆ. ಆದರೆ ಲೈಸೆನ್ಸಿನಲ್ಲಿ ಅದು ಎಲ್ಲಿಯವರೆಗೆ ನಡೆಯುತ್ತದೆ ಎಂದು ಬರೆದಿರುತ್ತದೆ. ರಾಜ್ಯದ ಮಟ್ಟಿಗೆ ಮಾತ್ರ ಎಂದಿದ್ದರೆ ಗಡಿ ದಾಟಿದೊಡನೆ ಅದು ಲೈಸೆನ್ಸ್ ಇಲ್ಲದ ಆಯುಧ. ಅಣ್ಣನ ರಿವಾಲ್ವರನ್ನು ತಮ್ಮ ತನ್ನ ಕಾರಿನಲ್ಲಿ ಒಯ್ದರೂ ಅದೇ ಗತಿ. ಚುನಾವಣೆ ಸಾರಿದಾಗ ಆಯುಧ ಠಾಣೆಗೆ ಒಪ್ಪಿಸಲು ಆದೇಶ ಬರುವುದೂ ಎರಡು ರಾಜ್ಯಗಳಲ್ಲಿ ಬೇರೆ ಬೇರೆ ಹೊತ್ತಿಗೆ ಇರಬಹುದು. ಲೈಸೆನ್ಸ್ ಯಾವ ಜಿಲ್ಲೆಯದೋ ಆ ಜಿಲ್ಲೆಯ ಸೂಚನೆ ನೋಡಬೇಕು.

ಹವ್ಯಾಸಕ್ಕೆ ಬೇರೆ ದಾರಿ ಇವೆ

ಇಷ್ಟೆಲ್ಲ ಕೇಳಿದ ಮೇಲೆ ‘ಹಂಗಾದ್ರ ಈ ಚಂದ ನೋಡೂದು ಎಲ್ಲಿ’ ಎಂದು ಕೇಳಬಹುದು. ದಾರಿ ಹತ್ತಿರವೇ ಇದೆ. ಕೊಲ್ಹಾಪುರದ ನ್ಯೂ ಪ್ಯಾಲೇಸಿನ ಶಹಾಜಿ ಛತ್ರಪತಿ ವಸ್ತುಸಂಗ್ರಹಾಲಯದಲ್ಲಿ ಅರಸು ಮನೆತನದ ಆಯುಧಗಳು, ಬೇಟೆಯ ಬಂದೂಕುಗಳು ಇವೆ. ಕೊಲ್ಹಾಪುರದ ಟೌನ್ ಹಾಲ್ ವಸ್ತುಸಂಗ್ರಹಾಲಯದಲ್ಲೂ ಹಳೆಯ ಶಸ್ತ್ರಗಳಿವೆ. ರಜೆಯಲ್ಲಿ ಮಕ್ಕಳನ್ನು ಮಹಾಲಕ್ಷ್ಮಿ ದರ್ಶನಕ್ಕೆ ಕರೆದೊಯ್ದಾಗ ಒಂದು ಗಂಟೆ ಇಲ್ಲಿಗೂ ಇಟ್ಟುಕೊಳ್ಳಬಹುದು. ಗಾಲಿ, ಹಲ್ಲು, ಚಿಲಕದ ಲೆಕ್ಕ ತಿಳಿದು ನೋಡಿದರೆ ಗಾಜಿನ ಆಚೆಯ ವಸ್ತು ಬೇರೆಯೇ ಕಾಣುತ್ತದೆ. ಮನೆಯಲ್ಲಿ ಕೂತು ನೋಡುವವರಿಗೆ ಡಾ. ರಾಜ್‌ಕುಮಾರ್ ಅವರ 1968ರ ‘ಜೇಡರ ಬಲೆ’ ಇದ್ದೇ ಇದೆ.

ಗುರಿ ಇಡುವ ಕೈ ಇದ್ದವರಿಗೆ ಕೊಲ್ಹಾಪುರ ಜಿಲ್ಲೆಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಕೊಲ್ಹಾಪುರದ ತೇಜಸ್ವಿನಿ ಸಾವಂತ್ 2010ರಲ್ಲಿ ಮ್ಯೂನಿಕ್‌ನಲ್ಲಿ 50 ಮೀಟರ್ ರೈಫಲ್ ಪ್ರೋನ್‌ನಲ್ಲಿ ವಿಶ್ವ ಚಾಂಪಿಯನ್ ಆದರು. ಅದೇ ಊರಿನ ರಾಹಿ ಸರ್ನೋಬತ್ ಹಿಡಿದದ್ದು ಪಾಯಿಂಟ್ 22 ಪಿಸ್ತೂಲು. 2013ರಲ್ಲಿ ಕೊರಿಯಾದ ಚಾಂಗ್ವಾನ್ ವಿಶ್ವಕಪ್‌ನಲ್ಲಿ ಚಿನ್ನ, 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ 25 ಮೀಟರ್ ಪಿಸ್ತೂಲಿನಲ್ಲಿ ಚಿನ್ನ. ಏಷ್ಯನ್ ಗೇಮ್ಸ್ ಶೂಟಿಂಗ್‌ನಲ್ಲಿ ಚಿನ್ನ ಗೆದ್ದ ಮೊದಲ ಭಾರತೀಯ ಮಹಿಳೆ ಅವರು. ರಾಧಾನಗರಿ ತಾಲ್ಲೂಕಿನ ಕಾಂಬಳವಾಡಿಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್‌ನಲ್ಲಿ ಕಂಚು ತಂದರು.

ಈ ಆಟದ ಮೊದಲ ಮೆಟ್ಟಿಲು ಏರ್ ಪಿಸ್ತೂಲು, ಏರ್ ರೈಫಲ್. ಪಾಯಿಂಟ್ 177 ಬೋರಿನ, 20 ಜೂಲ್ ಮೀರದ ಏರ್ ಗನ್ನಿಗೆ ಲೈಸೆನ್ಸ್ ಬೇಕಿಲ್ಲ. ಊರ ಜಾತ್ರೆಯಲ್ಲಿ, ಉರುಸಿನಲ್ಲಿ ಬಲೂನು ಒಡೆಯುವ ಹುಡುಗಿಯ ಕೈ ನಡುಗದೆ ನಿಂತರೆ ಅದನ್ನು ತಮಾಷೆ ಎಂದು ಬಿಡಬೇಕಾಗಿಲ್ಲ. ಒಳ್ಳೆಯ ತರಬೇತುದಾರರ ಹತ್ತಿರ ಕಳಿಸಿ ನೋಡಬಹುದು.

ಇಷ್ಟು ನೆನಪಿರಲಿ

* ಹಳೆಯ ರಿವಾಲ್ವರ್ ಸಿಕ್ಕರೆ ಗುಂಡು ತುಂಬಿದೆ ಎಂದೇ ತಿಳಿಯಬೇಕು. ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಬಿಚ್ಚುವುದು, ಎಣ್ಣೆ ಹಾಕಿ ಎಳೆದು ನೋಡುವುದು ಬೇಡ.

* ಲೈಸೆನ್ಸ್ ಪುಸ್ತಕ ಹುಡುಕಿ, ಅದರಲ್ಲಿಯ ನಂಬರು ಆಯುಧದ ಮೇಲಿನ ನಂಬರಿಗೆ ಕೂಡುತ್ತದೆಯೇ ಎಂದು ತಿಳಿದವರಿಂದ ನೋಡಿಸಬೇಕು.

* ಲೈಸೆನ್ಸ್ ಸಿಗದಿದ್ದರೆ ಬಾವಿಗೆ ಎಸೆಯುವುದು, ಬೀಗರ ಮನೆಯಲ್ಲಿ ಇಡುವುದು ಮಾಡಬಾರದು. ವಕೀಲರ ಸಲಹೆ ಪಡೆದು ಠಾಣೆಗೆ ಬರಹದಲ್ಲಿ ತಿಳಿಸಿ, ಒಪ್ಪಿಸಿ, ರಸೀದಿ ಪಡೆಯಬೇಕು.

* ಆಟಿಗೆಯ ಪಿಸ್ತೂಲನ್ನು ನಿಜವಾದದ್ದಾಗಿ ಮಾರ್ಪಡಿಸುವುದು ಅಪರಾಧ. ಆಟಿಗೆ ಕೊಳ್ಳುವಾಗ ಐಎಸ್‌ಐ ಗುರುತು ನೋಡಬೇಕು. 2021ರ ಜನವರಿಯಿಂದ ಆಟಿಗೆಗಳಿಗೆ ಅದು ಕಡ್ಡಾಯವಾಗಿದೆ.

ಮುಂದಿನ ಖಂಡೇ ನವಮಿಗೆ ಮಗ್ಗಕ್ಕೆ ಮಾಲೆ ಹಾಕುವ ಹೊತ್ತಿಗೆ ಹಳೆಯ ಟ್ರಂಕನ್ನೂ ಒಮ್ಮೆ ತೆರೆದು ನೋಡುವುದು ಒಳ್ಳೆಯದು. ಪೂಜೆಗೆ ಇಡುವ ಆಯುಧದ ಪಕ್ಕದಲ್ಲಿ ಅದರ ಚಾಲ್ತಿ ಲೈಸೆನ್ಸೂ ಇದ್ದರೆ ಮನೆಯವರಿಗೆ ನಿಶ್ಚಿಂತೆ.